ಹಳೆ ಕಾರಿನ ಚಾಸಿಯ ತುಕ್ಕು: ಬಯಲುಸೀಮೆಯವರು ನೋಡಬೇಕಾದ ಜಾಗಗಳು, ಮಾಡಬೇಕಾದ ಕೆಲಸ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಹಳೆ ಕಾರು ತೋರಿಸುವವರ ಬಾಯಲ್ಲಿ ಸದಾ ಬರುವ ಮಾತು: ‘ನಮ್ಮದು ಒಣ ಸೀಮೆ ಸಾರ್, ಇಲ್ಲಿ ಗಾಡಿಗೆ ತುಕ್ಕು ಹಿಡಿಯಲ್ಲ.’ ಮೇಲಿನ ಬಾಡಿಯ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಮಂಗಳೂರಿನಲ್ಲೋ ಕಾರವಾರದಲ್ಲೋ ಹತ್ತು ವರ್ಷ ಓಡಿದ ಕಾರಿನ ಬಾಗಿಲ ಅಂಚು, ಬಾನೆಟ್ ತುದಿ ಹೇಗಾಗಿರುತ್ತದೋ ನಮ್ಮಲ್ಲಿ ಹಾಗಾಗಿರುವುದಿಲ್ಲ. ಆದರೆ ಕಾರನ್ನು ಮೇಲೆತ್ತಿ ಅಡಿ ನೋಡಿದರೆ ಲೆಕ್ಕವೇ ಬೇರೆ. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಪೊಳ್ಳು ತಗಡಾದ ರನ್ನಿಂಗ್ ಬೋರ್ಡಿನ ಒಳಗೆ, ಚಾಸಿಯ ಬಾಕ್ಸ್ ತೊಲೆಗಳ (ನಾಲ್ಕೂ ಕಡೆ ಮುಚ್ಚಿದ ತೊಲೆಗಳ) ಒಳಗೆ, ಹಿಂದಿನ ಲೀಫ್ ಸ್ಪ್ರಿಂಗ್ (ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗು) ಕೂರುವ ಬ್ರಾಕೆಟ್ಟಿನ ಹಿಂದೆ, ಕಾರ್ಪೆಟ್ ಅಡಿಯ ಫ್ಲೋರಿನಲ್ಲಿ ತಗಡು ಸದ್ದಿಲ್ಲದೆ ತೆಳುವಾಗುತ್ತಾ ಬಂದಿರುತ್ತದೆ. ನಮ್ಮ ಸೀಮೆಯಲ್ಲಿ ಕಾರು ತಿನ್ನುವುದು ಆಕಾಶದ ಮಳೆಯಲ್ಲ, ಸಂದಿಯಲ್ಲಿ ಕೂತ ಮಣ್ಣು ಮತ್ತು ಮುಚ್ಚಿಹೋದ ನೀರಿನ ತೂತು. ಈ ಒಂದನ್ನು ಮನಸ್ಸಿಗೆ ಹಾಕಿಕೊಂಡರೆ ಎಲ್ಲಿ ಹುಡುಕಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ನೀರಿನಲ್ಲಿ ಉಪ್ಪಿನಂಶ ಕರಗಿದ್ದರೆ ವಿದ್ಯುತ್ತು ಅದರಲ್ಲಿ ಸರಾಗವಾಗಿ ಹರಿಯುತ್ತದೆ, ತುಕ್ಕು ಬೇಗ ಹಬ್ಬುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಮಣ್ಣಿನ ವಿಷಯ ಅಷ್ಟಾಗಿ ಗೊತ್ತಿಲ್ಲ. ಚಾಸಿಯ ಮೂಲೆಯಲ್ಲಿ ಒಂದು ಹಿಡಿ ಕೆಂಪು ಮಣ್ಣು ಕೂತಿದೆ ಎನ್ನಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಅದು ನೆನೆಯುತ್ತದೆ. ಹೊರಗಿನ ತಗಡು ಬಿಸಿಲು ಬಿದ್ದ ಒಂದು ಗಂಟೆಯಲ್ಲಿ ಒಣಗಿದರೂ ಒಳಗಿನ ಮಣ್ಣು ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಮಣ್ಣಿನ ಅಂಚಿನಲ್ಲಿ ಗಾಳಿ ಆಡುತ್ತದೆ, ಅಡಿಯಲ್ಲಿ ಆಡುವುದಿಲ್ಲ. ಒಂದೇ ತಗಡಿನ ಎರಡು ಜಾಗದಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಆದಾಗ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಕರಗುವುದು ಗಾಳಿ ಕಡಿಮೆ ಇರುವ ಕಡೆಯ ಲೋಹ, ಅಂದರೆ ಮಣ್ಣಿನ ಅಡಿಯದು. ಹಾಗಾಗಿಯೇ ತೂತು ಬೀಳುವ ತನಕ ಹೊರಗೆ ಏನೂ ಕಾಣುವುದಿಲ್ಲ.

ಇನ್ನೊಂದು ಸಂಗತಿ. ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪದರ ಗಟ್ಟಿಯಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ತೂತುತೂತಾದ ಪದರ, ಹಪ್ಪಳದಂತೆ ಉಬ್ಬಿ ಏಳುತ್ತದೆ, ಹೊಸ ಲೋಹವನ್ನು ಮತ್ತೆ ನೀರಿಗೆ ಒಡ್ಡುತ್ತದೆ. ಕರಗಿದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಹಿಡಿಯುತ್ತದೆ. ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ (ಚುಕ್ಕಿಚುಕ್ಕಿ ಬೆಸುಗೆ) ಮಾಡಿ ಕೂಡಿಸಿದ ಸಂದಿಯಲ್ಲಿ ತುಕ್ಕು ಬೆಳೆದರೆ ತಗಡುಗಳೇ ಒಂದರಿಂದೊಂದು ಬೇರ್ಪಟ್ಟು ಅಲೆಅಲೆಯಾಗಿ ಬಾಗುತ್ತವೆ. ರನ್ನಿಂಗ್ ಬೋರ್ಡಿನ ಕೆಳಗಿನ ಜೋಡು ಅಂಚು ನೆಟ್ಟಗಿಲ್ಲದೆ ಉಬ್ಬುತಗ್ಗಾಗಿ ಕಂಡರೆ, ಬಣ್ಣ ಎಷ್ಟೇ ಹೊಸದಾಗಿರಲಿ, ಒಳಗೆ ತುಕ್ಕು ತುಂಬಿದೆ ಎಂದೇ ಲೆಕ್ಕ.

ಉಪ್ಪು ಸಮುದ್ರದಿಂದಲೇ ಬರಬೇಕಿಲ್ಲ. ನಮ್ಮ ಮೂರೂ ಜಿಲ್ಲೆಗಳ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ತೊಳೆದು ಬಿಟ್ಟ ಕಾರಿನ ಗಾಜಿನ ಮೇಲೆ ಉಳಿಯುವ ಬಿಳಿ ಕಲೆಯೇ ಆ ಲವಣ. ಗಾಜಿನ ಮೇಲಿನದು ಒರೆಸಿದರೆ ಹೋಗುತ್ತದೆ, ಚಾಸಿಯ ಸಂದಿಯಲ್ಲಿ ಉಳಿದದ್ದನ್ನು ಒರೆಸುವವರಿಲ್ಲ. ಅದಕ್ಕಿಂತ ಕೆಟ್ಟದ್ದು ಗೊಬ್ಬರ. ರೈತರು ಪೊಟ್ಯಾಷ್ ಎನ್ನುವ ಎಂಒಪಿ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಕಬ್ಬಿಣಕ್ಕೆ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಯೂರಿಯಾ ಗಾಳಿಯಲ್ಲಿನ ತೇವ ಎಳೆದುಕೊಂಡು ಒದ್ದೆಯಾಗುತ್ತದೆ. ಓಮ್ನಿಯ ಹಿಂಬದಿಯಲ್ಲೋ ಕಾರಿನ ಡಿಕ್ಕಿಯಲ್ಲೋ ಒಂದು ಚೀಲ ಸೋರಿದರೂ ಸಾಕು, ಮಳೆಗಾಲ ಬೇಸಿಗೆ ಎನ್ನದೆ ಆ ಫ್ಲೋರು ತೇವವಾಗಿರುತ್ತದೆ. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವ ಪಿಕಪ್‌ಗಳಲ್ಲಿ ಕ್ರೇಟುಗಳಿಂದ ಸೋರುವ ರಸ ಹುಳಿ. ಬಾಡಿಯ ಹಲಗೆ ದಾಟಿ ಚಾಸಿಯ ಮೇಲ್ಮೈಗೆ ಇಳಿದು ಅಲ್ಲೇ ಒಣಗುತ್ತದೆ. ಕೋಳಿಗೊಬ್ಬರ, ಮಂಜುಗಡ್ಡೆ ಹಾಕಿದ ಮೀನು ಸಾಗಿಸಿದ ಗಾಡಿಗಳಂತೂ ಇನ್ನೂ ಬೇಗ ಹೋಗುತ್ತವೆ. ದನದ ಕೊಟ್ಟಿಗೆಗೆ ಒತ್ತಿಕೊಂಡು ನಿಲ್ಲಿಸುವ ಜೀಪುಗಳಲ್ಲೂ ಇದೇ ಕಥೆ: ಗಂಜಲದಲ್ಲಿ ಲವಣ ಇದೆ, ನೆಲ ಸದಾ ಒದ್ದೆ.

ಯಾವ ಗಾಡಿಯಲ್ಲಿ ಎಲ್ಲಿ ಹಿಡಿಯುತ್ತದೆ

ಮೊದಲು ಗಾಡಿಯ ಜಾತಿ ತಿಳಿಯಬೇಕು. ಮಹೀಂದ್ರ ಜೀಪುಗಳು, ಬೊಲೆರೊ, ಸ್ಕಾರ್ಪಿಯೊ, ಟಾಟಾ ಸುಮೋ, ಕ್ವಾಲಿಸ್, ಮಾರುತಿ ಜಿಪ್ಸಿ ಇವೆಲ್ಲ ಏಣಿಯಂಥ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಅಂಬಾಸಿಡರ್, ಪದ್ಮಿನಿ, ಮಾರುತಿ 800, ಓಮ್ನಿ, ಜೆನ್, ಎಸ್ಟೀಮ್, ಸ್ಯಾಂಟ್ರೊ, ಇಂಡಿಕಾಗಳಲ್ಲಿ ಬೇರೆ ಚಾಸಿ ಇಲ್ಲ. ಫ್ಲೋರು, ರನ್ನಿಂಗ್ ಬೋರ್ಡು, ಇಂಜಿನ್ ಗೂಡಿನ ಪಕ್ಕದ ತಗಡಾದ ಏಪ್ರನ್ನು, ಬಾಗಿಲ ಕಂಬಗಳೆಲ್ಲ ಸೇರಿದ ತಗಡಿನ ಪೆಟ್ಟಿಗೆಯೇ ಚಾಸಿ. ಮೊದಲನೆಯ ಗುಂಪಿನಲ್ಲಿ ಫ್ಲೋರು ತೂತು ಬಿದ್ದರೂ ಗಾಡಿ ಭಾರ ತಡೆದು ನಿಲ್ಲುತ್ತದೆ. ಎರಡನೆಯ ಗುಂಪಿನಲ್ಲಿ ‘ಬರೀ ಫ್ಲೋರ್ ಹೋಗಿದೆ’ ಎಂದರೆ ಚಾಸಿಯ ಒಂದು ಭಾಗವೇ ಹೋಗಿದೆ ಎಂದರ್ಥ.

ಹಳೆಯ ಜೀಪುಗಳ ಉದ್ದ ತೊಲೆ ಬಹುಪಾಲು ತೆರೆದ ‘ಸಿ’ ಆಕಾರದ್ದು. ತೆರೆದಿರುವುದರಿಂದ ಮಣ್ಣು ಕೂತರೂ ತೆಗೆಯಲು ಬರುತ್ತದೆ, ತುಕ್ಕೂ ಕಣ್ಣಿಗೆ ಕಾಣುತ್ತದೆ. ಅಲ್ಲಿ ನೋಡಬೇಕಾದ್ದು ಹಿಂದಿನ ಅಡ್ಡ ತೊಲೆ, ಲೀಫ್ ಸ್ಪ್ರಿಂಗ್‌ನ ಶ್ಯಾಕಲ್ ಹ್ಯಾಂಗರುಗಳು (ಸ್ಪ್ರಿಂಗಿನ ತುದಿ ತೂಗುವ ಬ್ರಾಕೆಟ್ಟುಗಳು), ಬಾಡಿ ಕೂರುವ ಬ್ರಾಕೆಟ್ಟುಗಳು, ಮತ್ತು ಬಲಪಡಿಸಲೆಂದು ತೊಲೆಯ ಮೇಲೆ ಇನ್ನೊಂದು ಪಟ್ಟಿ ಕೂರಿಸಿದ ಜಾಗ; ಆ ಎರಡು ಪಟ್ಟಿಗಳ ನಡುವೆ ತುಕ್ಕು ಬೆಳೆಯುತ್ತದೆ. ಜಿಪ್ಸಿಯಂಥ ಬಾಕ್ಸ್ ತೊಲೆಯ ಗಾಡಿಗಳಲ್ಲಿ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹಿಂದಿನ ಆಕ್ಸಲ್ ಮೇಲೆ ತೊಲೆ ಕಮಾನಿನಂತೆ ಎದ್ದು ಮತ್ತೆ ಇಳಿಯುವ ಕಡೆ ಮಣ್ಣು ಜಾರಿ ಬಂದು ನಿಲ್ಲುತ್ತದೆ. ಹಿಂದಿನ ಶ್ಯಾಕಲ್ ಬ್ರಾಕೆಟ್ ಹತ್ತಿರ ತೊಲೆಯ ಕೆಳಮೈ ಮೊದಲು ಹೋಗುವುದು ಅದರಿಂದಲೇ.

ಮಾರುತಿ 800ರಲ್ಲಿ ಬ್ಯಾಟರಿ ತಟ್ಟೆ ಮತ್ತು ಅದರ ಕೆಳಗಿನ ಏಪ್ರನ್, ಮುಂದಿನ ಕಾಲಿಡುವ ಜಾಗ, ಹಿಂದಿನ ಚಕ್ರದ ಗೂಡು, ಜಾಕಿ ಕೊಡುವ ಜಾಗ. ಬ್ಯಾಟರಿಯಿಂದ ತುಳುಕುವುದು ಗಂಧಕಾಮ್ಲ. ಅದು ಬಣ್ಣ ಕಿತ್ತು ನೇರ ತಗಡಿಗೇ ಕೈ ಹಾಕುತ್ತದೆ. ಓಮ್ನಿಯಲ್ಲಿ ಮುಂದಿನ ಸೀಟಿನ ಅಡಿ, ಜಾರುಬಾಗಿಲ ಕೆಳಗಿನ ಹಳಿ, ಹಿಂದಿನ ಚಕ್ರದ ಗೂಡಿನ ಮುಂಭಾಗ. ಅಂಬಾಸಿಡರ್, ಪದ್ಮಿನಿಯಲ್ಲಿ ಮುಂದಿನ ಗಾಜಿನ ರಬ್ಬರು ಬಿರಿದು ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಫ್ಲೋರಿಗೆ ಇಳಿಯುತ್ತದೆ. ಕಾರ್ಪೆಟ್ಟಿನ ಅಡಿಯ ಫೆಲ್ಟು ಅದನ್ನು ಹೀರಿಕೊಂಡು ವಾರಗಟ್ಟಲೆ ಬಿಡುವುದಿಲ್ಲ. ಮೇಲೆ ರಬ್ಬರ್ ಮ್ಯಾಟ್ ಹಾಸಿದ್ದರೆ ಒಣಗುವ ದಾರಿಯೂ ಮುಚ್ಚಿದಂತೆ. ಎಸಿ ಇರುವ ಕಾರುಗಳಲ್ಲಿ ಎಡಗಡೆ ಮುಂದಿನ ಕಾಲಿಡುವ ಜಾಗ ಬೇಸಿಗೆಯಲ್ಲೂ ಒದ್ದೆಯಿದ್ದರೆ ಮಳೆ ನೀರನ್ನು ದೂರಬೇಡಿ, ಎಸಿಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆ.

ಎಲ್ಲ ಗಾಡಿಗಳಿಗೂ ಸಮಾನವಾದದ್ದು ನೀರು ಹೋಗುವ ತೂತುಗಳು. ವೈಪರ್ ಕೆಳಗಿನ ಜಾಲರಿಯೊಳಗೆ ಹುಣಸೆ, ಹೊಂಗೆ, ಬೇವಿನ ಎಲೆ ಬಿದ್ದು ಕೊಳೆತು ಗೊಬ್ಬರವಾಗಿರುತ್ತದೆ. ಬಾಗಿಲ ತಳದಲ್ಲಿ ಒಂದೊಂದಕ್ಕೂ ಎರಡು ಮೂರು ಸೀಳು, ರನ್ನಿಂಗ್ ಬೋರ್ಡಿನ ತಳದಲ್ಲಿ ಸಾಲು ತೂತು ಇರುತ್ತವೆ. ಇವನ್ನು ಬಿಡಿಸಲು ಹಳೆ ಸೈಕಲ್ ಚಕ್ರದ ಕಡ್ಡಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ತುದಿಯನ್ನು ಸ್ವಲ್ಪ ಬಗ್ಗಿಸಿ, ಚೂಪನ್ನು ಉಜ್ಜಿ ತೆಗೆದು ತೂತಿನೊಳಗೆ ತಿರುಗಿಸಿದರೆ ಮಣ್ಣು ಗಂಟುಗಂಟಾಗಿ ಬೀಳುತ್ತದೆ. ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಒಮ್ಮೆ, ನವೆಂಬರಿನಲ್ಲಿ ಮಳೆ ಕಳೆದ ಮೇಲೆ ಒಮ್ಮೆ ಇಷ್ಟು ಮಾಡಿದರೆ, ಅದು ಯಾವ ದುಬಾರಿ ಕೋಟಿಂಗಿಗಿಂತಲೂ ಹೆಚ್ಚು ಕಾಲ ಗಾಡಿಯನ್ನು ಉಳಿಸುತ್ತದೆ.

ಪರೀಕ್ಷೆ

ಬೇಕಾದ್ದು ಒಂದು ಒಳ್ಳೆ ಟಾರ್ಚು, 200 ಗ್ರಾಂ ತೂಕದ ಸಣ್ಣ ಸುತ್ತಿಗೆ, ಹಳೆ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ. ಮೊಬೈಲಿಗೆ ಸಿಕ್ಕಿಸುವ ಉದ್ದ ಬಾಲದ ಕ್ಯಾಮೆರಾ ಸಿಕ್ಕರೆ ಬಾಕ್ಸ್ ತೊಲೆಯ ಒಳಗೂ ನೋಡಬಹುದು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಗಟ್ಟಿ ನೆಲ, ನಾಲ್ಕು ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಲ್ಲು ಇರಲೇಬೇಕು. ತುಕ್ಕು ತಿಂದ ಗಾಡಿಯಲ್ಲಿ ಸ್ಟ್ಯಾಂಡ್ ಕೊಟ್ಟ ಜಾಗವೇ ಒಳಕ್ಕೆ ಕುಸಿಯಬಹುದು, ಆದ್ದರಿಂದ ಮೊದಲು ಆ ಜಾಗವನ್ನೇ ತಟ್ಟಿ ನೋಡಿ. ಕಣ್ಣಿಗೆ ಕನ್ನಡಕ ಕಡ್ಡಾಯ, ತುಕ್ಕಿನ ಚಕ್ಕೆ ನೇರ ಮುಖಕ್ಕೇ ಬೀಳುತ್ತದೆ.

ಗಟ್ಟಿ ತಗಡು ಸುತ್ತಿಗೆಗೆ ಠಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ತಿಂದುಹೋದ ತಗಡು ದಬ್ ಎಂದು ಮಂಕಾಗಿ ಸದ್ದು ಮಾಡುತ್ತದೆ, ಒಳಗಿನಿಂದ ಮರಳು ಉದುರಿದ ಸದ್ದು ಬರುತ್ತದೆ. ಒಂದೇ ತೊಲೆಯನ್ನು ಮುಂದಿನಿಂದ ಹಿಂದಿನವರೆಗೆ ಗೇಣುಗೇಣಿಗೂ ತಟ್ಟುತ್ತಾ ಹೋಗಿ. ಸದ್ದು ಬದಲಾದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತಿನ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಬರೀ ಕೈಬಲಕ್ಕೆ ಅದು ಒಳಗಿಳಿದರೆ ಆ ತಗಡು ಕತ್ತರಿಸಬೇಕಾದ್ದೇ. ಅಯಸ್ಕಾಂತ ಒಂದು ಕಡೆ ಹಿಡಿದು ಪಕ್ಕದಲ್ಲಿ ಜಾರಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ರನ್ನಿಂಗ್ ಬೋರ್ಡಿಗೂ ಚಕ್ರದ ಗೂಡಿಗೂ ಪುಟ್ಟಿ ತುಂಬಿ ಬಣ್ಣ ಹೊಡೆದ ಕಾರನ್ನು ಕೊಳ್ಳಬೇಡಿ. ಮೋಸಕ್ಕಿಂತ ದೊಡ್ಡ ತೊಂದರೆ ಏನೆಂದರೆ ಪುಟ್ಟಿ ನೀರು ಹೀರಿ ಹಿಂಬದಿಯ ತಗಡನ್ನು ಇನ್ನಷ್ಟು ತಿನ್ನಿಸಿರುತ್ತದೆ.

ಬ್ರೇಕ್ ಪೈಪು ನೋಡದೆ ಗಾಡಿಯ ಕೆಳಗಿನಿಂದ ಎದ್ದು ಬರಬೇಡಿ. ಹಳೆಯ ಗಾಡಿಗಳಲ್ಲಿ ಅದು 4.76 ಮಿ.ಮೀ. ದಪ್ಪದ ಉಕ್ಕಿನ ಪೈಪು, ಚಾಸಿಗೆ ಕ್ಲಿಪ್ಪು ಹಾಕಿ ಹಿಂದಿನವರೆಗೆ ಹೋಗುತ್ತದೆ. ಕ್ಲಿಪ್ಪಿನ ಅಡಿಯಲ್ಲೇ ಮಣ್ಣು ಹಿಡಿದು ತುಕ್ಕು ಕಚ್ಚುತ್ತದೆ. ಸಾಮಾನ್ಯ ಬ್ರೇಕಿಗೆ ತಡೆದುಕೊಂಡು, ನಂದಿಬೆಟ್ಟದಂಥ ಇಳಿಜಾರಿನಲ್ಲಿ ಗಟ್ಟಿಯಾಗಿ ಒತ್ತಿದಾಗ ಒಡೆಯುವುದು ಇಂಥ ಪೈಪೇ. ಇಂಜಿನ್ ಚಾಲೂ ಇಟ್ಟು ಪೆಡಲನ್ನು ಬಲವಾಗಿ 30 ಸೆಕೆಂಡು ಒತ್ತಿ ಹಿಡಿಯಿರಿ. ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗೆ ರಬ್ಬರು ಹೋಗಿದೆ. ಎರಡರಲ್ಲಿ ಯಾವುದೇ ಆದರೂ ಗಾಡಿ ನಿಲ್ಲಿಸಬೇಕು. ಸೀಟು ಮತ್ತು ಸೀಟ್‌ಬೆಲ್ಟಿನ ಬೋಲ್ಟ್ ಕೂರುವ ಜಾಗದ ಸುತ್ತಲೂ ಸುತ್ತಿಗೆ ಆಡಿಸಿ ನೋಡಿ.

ಹೊರಗಿನಿಂದ ಬಂದ ಕಾರಾದರೆ ಮೊದಲು ಎಲ್ಲಿ ಓಡಿದ್ದು ಎಂದು ಆರ್‌ಸಿ ನೋಡಿ. ಕೆಎ 19, ಕೆಎ 20, ಕೆಎ 30 ಕರಾವಳಿಯವು. ಕೋಲಾರಕ್ಕೆ ಚೆನ್ನೈ ಹತ್ತಿರವಾದ್ದರಿಂದ ಅಲ್ಲಿನ ಕಾರುಗಳೂ ನಮ್ಮಲ್ಲಿ ಬಹಳ. 2015ರ ಡಿಸೆಂಬರಿನ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಎರಡರಲ್ಲೂ ಚೆನ್ನೈನಲ್ಲಿ ಕಾರುಗಳು ನೀರಲ್ಲಿ ನಿಂತಿದ್ದವು. ನೀರಲ್ಲಿ ನಿಂತ ಕಾರಿನ ಸೀಟಿನ ಹಳಿಯ ಅಡಿ, ಸ್ಟೆಪ್ನಿ ಗುಂಡಿಯ ತಳ, ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯ ಒಂದು ಮೊಳ ಇವುಗಳಲ್ಲಿ ಸಣ್ಣ ಕೆಸರಿನ ಗೆರೆ ಉಳಿದಿರುತ್ತದೆ. ಎಷ್ಟೇ ತೊಳೆದರೂ ಬೆಲ್ಟಿನ ಒಳಸುತ್ತಿನ ಗೆರೆ ಹೋಗುವುದಿಲ್ಲ.

ಬೆಸುಗೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಮೇಲ್ಮೈಯ ಕಂದು ಬಣ್ಣ ಕಂಡು ಗಾಬರಿ ಬೇಡ. 3 ಮಿ.ಮೀ. ದಪ್ಪದ ತೊಲೆಯ ಮೇಲಿನ ತೆಳು ತುಕ್ಕು ಉಜ್ಜಿದರೆ ಹೋಗುತ್ತದೆ. ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ ಚಕ್ಕೆ ಪೂರ್ತಿ ಬಿಡಿಸಿ ಉಳಿದ ದಪ್ಪ ಅಳೆಯಬೇಕು. ತೂತು ಬಿದ್ದಿದ್ದರೆ ಆ ತೂತು ಎಲ್ಲಿದೆ ಎನ್ನುವುದೇ ಮುಖ್ಯ. ಫ್ಲೋರಿನ ನಡುವೆ ಅಂಗೈಯಗಲ ಹೋಗಿದ್ದರೆ ಒಳ್ಳೆ ಟಿಂಕರ್‌ಗೆ ಅದು ಸಾಧಾರಣ ಕೆಲಸ. ಸ್ಟೀರಿಂಗ್ ಬಾಕ್ಸ್ ಕೂರುವ ಕಡೆ, ಸಸ್ಪೆನ್ಷನ್ ತೋಳು ಸಿಕ್ಕುವ ಕಡೆ, ಲೀಫ್ ಸ್ಪ್ರಿಂಗ್ ಹ್ಯಾಂಗರಿನ ಬುಡದಲ್ಲಿ ತೂತಾಗಿದ್ದರೆ ಅದಕ್ಕೆ ತೇಪೆ ಹಾಕುವುದು ಜೀವದ ಜೊತೆ ಆಟ. ಅಲ್ಲಿ ಆ ಭಾಗವನ್ನೇ ಕತ್ತರಿಸಿ ಹೊಸ ಭಾಗ ಕೂರಿಸಬೇಕು, ಆಗದಿದ್ದರೆ ಗಾಡಿಯನ್ನು ರಸ್ತೆಯಿಂದ ಇಳಿಸಬೇಕು. ಎರಡೂ ಕಡೆಯ ರನ್ನಿಂಗ್ ಬೋರ್ಡು, ಫ್ಲೋರು, ಕಂಬದ ಬುಡ ಮೂರೂ ಹೋಗಿರುವ ಮಾರುತಿ 800ಕ್ಕೆ ದುಡ್ಡು ಸುರಿಯುವುದು ಬೇಡ. ಅದೇ ದುಡ್ಡಿಗೆ ಗಟ್ಟಿ ತಗಡಿನ ಇನ್ನೊಂದು ಕಾರು ಸಿಗುತ್ತದೆ.

ಕೆಲಸ ಶುರುವಿಗೆ ಮುಂಚೆ ಬ್ಯಾಟರಿಯ ಎರಡೂ ವೈರು ಬಿಚ್ಚಿ. ಇಂಜೆಕ್ಷನ್ ಕಾರಾದರೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರೂ ಬಿಚ್ಚಿ. ಪೆಟ್ರೋಲ್ ಟ್ಯಾಂಕು, ಪೈಪುಗಳ ಹತ್ತಿರ ಕೆಲಸವಿದ್ದರೆ ಅವನ್ನು ಇಳಿಸಿಯೇ ಮುಂದುವರಿಯಬೇಕು, ಗ್ಯಾಸ್ ಕಿಟ್ ಇದ್ದರೆ ಸಿಲಿಂಡರೂ ಕೆಳಗಿಳಿಯಬೇಕು. ಕಾರ್ಪೆಟ್, ಫೆಲ್ಟು, ಸೀಟು ಎಲ್ಲ ಹೊರಗೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ, ಏಕೆಂದರೆ ತಗಡಿನ ಹಿಂದಿನ ಫೆಲ್ಟಿನ ಚೂರೋ ತಾರೋ ಹೊಗೆಯಾಡುತ್ತಾ ಆಮೇಲೆ ಹೊತ್ತಿಕೊಳ್ಳುತ್ತದೆ.

ಬೇರೆ ಚಾಸಿ ಇಲ್ಲದ ಕಾರಿನ ರನ್ನಿಂಗ್ ಬೋರ್ಡ್ ಕತ್ತರಿಸುವಾಗ ಕಾರು ಮಟ್ಟವಾಗಿ ಚಕ್ರದ ಮೇಲೆ ಅಥವಾ ಸಸ್ಪೆನ್ಷನ್ ಅಡಿಯ ಆಸರೆಯ ಮೇಲೆ ನಿಂತಿರಬೇಕು. ಬಾಗಿಲು ತೆಗೆದು ಮುಂದಿನ ಕಂಬಕ್ಕೂ ನಡುವಿನ ಕಂಬಕ್ಕೂ ಅಡ್ಡವಾಗಿ ಒಂದು ಇಂಚಿನ ಚೌಕ ಪೈಪನ್ನು ಟ್ಯಾಕ್ (ಆಮೇಲೆ ಬಿಡಿಸಬಹುದಾದ ಸಣ್ಣ ಬೆಸುಗೆ) ಹಾಕಿ ಬಿಗಿದುಕೊಳ್ಳಬೇಕು. ಇದಿಲ್ಲದೆ ಕತ್ತರಿಸಿದರೆ ಕಾರು ನಡುವಿಗೆ ಕುಗ್ಗುತ್ತದೆ. ಬೆಸುಗೆ ಹಾಕಿದ ಮೇಲೆ ಬಾಗಿಲು ಮುಚ್ಚುವುದಿಲ್ಲ. ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಲೇಬಾರದು.

ತಗಡಿನ ದಪ್ಪ ಹೊಂದಿಸಬೇಕು. ಹೊರ ಬಾಡಿಗೆ 22 ಅಥವಾ 20 ಗೇಜ್, ಅಂದರೆ 0.7ರಿಂದ 0.9 ಮಿ.ಮೀ. ಫ್ಲೋರಿಗೆ 20, ರನ್ನಿಂಗ್ ಬೋರ್ಡಿನ ಒಳ ಬಲಪಟ್ಟಿಗೆ, ಜಾಕಿ ಜಾಗಕ್ಕೆ 18 ಅಥವಾ 16 ಗೇಜ್. ‘ಗಟ್ಟಿಯಾಗಿರಲಿ’ ಎಂದು ಫ್ಲೋರಿಗೆ 2 ಮಿ.ಮೀ. ಹಾಳೆ ಹಾಕಿಸುವವರಿದ್ದಾರೆ. ದಪ್ಪ ಹಾಳೆ ಬಾಗುವುದಿಲ್ಲ, ಪಕ್ಕದ ತೆಳು ತಗಡು ಬೆಸುಗೆಯ ಅಂಚಿನಲ್ಲೇ ಬಿರಿಯುತ್ತದೆ. ತುಕ್ಕು ಕಂಡ ಗೆರೆಯಿಂದ ಕನಿಷ್ಠ 25 ಮಿ.ಮೀ. ಆಚೆ, ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಮಾಡಬೇಕು, ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ. ಹಳೆ ತಗಡಿನ ಮೇಲೆ ಹೊಸ ತಗಡು ಹೊದಿಸಿ ಸುತ್ತ ಬೆಸೆಯುವ ರೂಢಿ ಎಲ್ಲ ಕಡೆ ಇದೆ. ನಡುವೆ ಉಳಿದ ತುಕ್ಕು ಎರಡು ವರ್ಷದಲ್ಲಿ ಹೊಸ ತಗಡನ್ನೂ ತಿನ್ನುತ್ತದೆ. ಕೊಳೆತದ್ದು ಹೊರಗೆ ಬರಲೇಬೇಕು.

ತೆಳು ತಗಡಿಗೆ ನಮ್ಮ ಗ್ಯಾರೇಜುಗಳಲ್ಲಿ ಸಿಒಟು ವೆಲ್ಡಿಂಗ್ ಎನ್ನುವ, ತಂತಿ ತಾನಾಗಿ ಹರಿದು ಬರುವ ಬೆಸುಗೆಯೇ ಸರಿ, 0.8 ಮಿ.ಮೀ. ತಂತಿ ಸಾಕು. ಗೇಟು, ಗ್ರಿಲ್ ಬೆಸೆಯುವ ಆರ್ಕ್ ರಾಡು ಒಂದು ಮಿ.ಮೀ. ತಗಡನ್ನು ಸುಟ್ಟು ತೂತು ಮಾಡುತ್ತದೆ. 3 ಮಿ.ಮೀ. ತೊಲೆಗೆ 2.5 ಮಿ.ಮೀ. ರಾಡಿನಲ್ಲಿ ನುರಿತವರು ಚೆನ್ನಾಗಿಯೇ ಹಾಕುತ್ತಾರೆ. ಹಿತ್ತಾಳೆ ಕಡ್ಡಿಯ ಗ್ಯಾಸ್ ಬೆಸುಗೆ ಭಾರ ಹೊರುವ ಜಾಗಕ್ಕೆ ಬೇಡವೇ ಬೇಡ. ಫ್ಲೋರಿನ ತೇಪೆಗೆ 20ರಿಂದ 25 ಮಿ.ಮೀ. ಉದ್ದದ ತುಂಡು ಬೆಸುಗೆಗಳನ್ನು ಎದುರುಬದುರು ಬದಿಗಳಲ್ಲಿ ಹಾಕುತ್ತಾ, ತಣಿಯಲು ಬಿಡುತ್ತಾ ಸುತ್ತು ಮುಗಿಸಿದರೆ ತಗಡು ಸೊಟ್ಟಗಾಗುವುದಿಲ್ಲ. ಸ್ಪಾಟ್ ವೆಲ್ಡ್ ಇದ್ದ ಜಾಗದಲ್ಲಿ ಹೊಸ ತಗಡಿಗೆ 6ರಿಂದ 8 ಮಿ.ಮೀ. ತೂತು ಕೊರೆದು ಆ ತೂತಿನ ಮೂಲಕ ಕೆಳಗಿನ ತಗಡಿಗೆ ಬೆಸುಗೆ ತುಂಬಬೇಕು.

ಏಣಿ ಚಾಸಿಯ ವಿಷಯದಲ್ಲಿ ಒಂದು ನಿಯಮವನ್ನು ಬಿಡುವಂತಿಲ್ಲ: ತೊಲೆಯ ಮೇಲಿನ, ಕೆಳಗಿನ ಮೈಗಳ ಮೇಲೆ ಅಡ್ಡಡ್ಡ ಬೆಸುಗೆ ಹಾಕಬಾರದು, ತೂತೂ ಕೊರೆಯಬಾರದು. ಭಾರವನ್ನೆಲ್ಲ ಹೊರುವುದು ಆ ಎರಡು ಮೈಗಳೇ. ಅಡ್ಡ ಬೆಸುಗೆಯ ಗೆರೆ ಹಿಡಿದೇ ಚಾಸಿ ಬಿರಿಯುತ್ತದೆ. ಬಲಪಟ್ಟಿ ಕೂರಿಸುವುದಾದರೆ ತೊಲೆಯ ಬದಿಯ ಮೇಲೆ, ಎರಡೂ ತುದಿಗಳನ್ನು ನೇರ ಕತ್ತರಿಸದೆ ಮೀನಿನ ಬಾಲದ ಹಾಗೆ ಓರೆಯಾಗಿ ಕತ್ತರಿಸಿ, ಉದ್ದಕ್ಕೆ ಬೆಸುಗೆ ಓಡಿಸಬೇಕು. ಪಟ್ಟಿಯ ದಪ್ಪ ತೊಲೆಯ ದಪ್ಪಕ್ಕಿಂತ ಹೆಚ್ಚಿರಬಾರದು.

ಉಜ್ಜುವುದು, ಬಳಿಯುವುದು

ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದರೆ ತಗಡು ಹೊಳೆಯುತ್ತದೆ, ಆದರೆ ಗುಳಿಗಳೊಳಗಿನ ಕಪ್ಪು ತುಕ್ಕು ಪಾಲಿಶ್ ಆಗಿ ಅಲ್ಲೇ ಉಳಿಯುತ್ತದೆ. ವೈರ್ ಬ್ರಷ್ ನಂತರ 80 ನಂಬರಿನ ಡಿಸ್ಕ್ ಓಡಿಸಿ. ಬಾಡಿ ಇಳಿಸಿದ ಜೀಪಿನ ಚಾಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಬಡಿಸುವುದು) ಮಾಡಿಸುವುದು ಉತ್ತಮ. ತುಮಕೂರಿನವರಿಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ದೂರವಲ್ಲ. ಬ್ಲಾಸ್ಟಿಂಗ್ ಮರಳು ಬಾಕ್ಸ್ ತೊಲೆಯೊಳಗೆ ಉಳಿದರೆ ಅದೂ ತೇವ ಹಿಡಿಯುತ್ತದೆ, ಗಾಳಿ ಹೊಡೆದು ಪೂರ್ತಿ ಹೊರಹಾಕಿಸಿ.

ಬಚ್ಚಲು ತೊಳೆಯುವ ಆ್ಯಸಿಡ್ ಸುರಿದು ತುಕ್ಕು ಬಿಡಿಸುವುದು ತಪ್ಪು. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕು ಕಣ್ಣೆದುರೇ ಮಾಯವಾಗುತ್ತದೆ, ಕ್ಲೋರೈಡ್ ಸಂದಿಯಲ್ಲಿ ಉಳಿದು ಮರುದಿನವೇ ಹೊಸ ತುಕ್ಕು ಶುರುಮಾಡುತ್ತದೆ. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರುಗಳಲ್ಲಿ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ, ಅವು ತುಕ್ಕನ್ನು ಕಪ್ಪು ಪದರವಾಗಿ ಬದಲಾಯಿಸುತ್ತವೆ. ಗಟ್ಟಿಯಾಗಿ ಕಚ್ಚಿಕೊಂಡ ತೆಳು ತುಕ್ಕಿಗಷ್ಟೇ ಅವುಗಳ ಪ್ರಯೋಜನ. ಏಳುವ ಚಕ್ಕೆಯ ಮೇಲೆ ಹಚ್ಚಿದರೆ ಚಕ್ಕೆಯ ಸಮೇತ ಬೀಳುತ್ತದೆ. ಬ್ಯಾಟರಿ ತಟ್ಟೆಗೆ ಮೊದಲು ಅರ್ಧ ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ ಸುರಿಯಿರಿ, ನೊರೆ ನಿಲ್ಲುವವರೆಗೂ ಮತ್ತೆ ಮತ್ತೆ ಹಾಕಿ, ತೊಳೆದು ಒಣಗಿಸಿ ಆಮೇಲೆ ಉಜ್ಜಿ.

ಬರೀ ಲೋಹಕ್ಕೆ ರೆಡ್ ಆಕ್ಸೈಡ್ ಹೊಡೆದು ಬಿಡುವುದು ಗ್ರಿಲ್ ಕೆಲಸದ ರೂಢಿ. ಒಂದೇ ಡಬ್ಬಿಯ ಆ ಪ್ರೈಮರು ನೀರನ್ನು ಪೂರ್ತಿ ತಡೆಯುವುದಿಲ್ಲ. ಗಾಡಿಯ ಅಡಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಬೇಕು. ಥಿನ್ನರಿನಲ್ಲಿ ಒರೆಸಿ ಎಣ್ಣೆಯಂಶ ತೆಗೆದು, ಉಜ್ಜಿದ ದಿನವೇ ಎರಡು ಕೋಟು ಹೊಡೆಯಬೇಕು. ಸಣ್ಣ ಕಾರಿನ ಅಡಿಗೆ ಚಕ್ರದ ಗೂಡುಗಳೂ ಸೇರಿ ಸುಮಾರು 2 ಲೀಟರ್ ಬೇಕಾಗುತ್ತದೆ. ಬೆಳಗಿನ ಇಬ್ಬನಿ ಆರದ ತಗಡಿಗೆ ಹೊಡೆಯಬೇಡಿ. ಹನ್ನೊಂದರಿಂದ ನಾಲ್ಕರ ನಡುವೆ ಒಳ್ಳೆಯದು. ಪ್ರೈಮರ್ ಮೇಲೆ ಎಲ್ಲ ಜೋಡುಗಳಿಗೂ ಪಾಲಿಯುರೆಥೇನ್ ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು) ಎಳೆಯಿರಿ, 310 ಮಿ.ಲೀ. ಟ್ಯೂಬುಗಳಲ್ಲಿ ಬರುತ್ತದೆ. ನೀರಿನ ತೂತುಗಳ ಮೇಲೆ ಎಳೆಯಬೇಡಿ.

ಸರ್ವಿಸ್ ಸ್ಟೇಷನ್ನುಗಳಲ್ಲಿ ಅಡಿಗೆ ಹೊಡೆಯುವ ಕಪ್ಪು ತಾರಿನ ಕೋಟಿಂಗಿನ ಬಗ್ಗೆ ನೇರವಾಗಿ ಹೇಳಬೇಕು. ಹೊಸ ಕಾರಿನ ಸ್ವಚ್ಛ ತಗಡಿನ ಮೇಲೆ ಅದರಿಂದ ಉಪಯೋಗವಿದೆ, ಜಲ್ಲಿ ಹಾರಿ ಬಡಿಯುವುದನ್ನು ತಡೆಯುತ್ತದೆ. ಹಳೆ ಕಾರಿನ ತುಕ್ಕು, ಮಣ್ಣಿನ ಮೇಲೆ ಹೊಡೆದರೆ ಹಾನಿಯೇ ಹೆಚ್ಚು. ನಾಲ್ಕೈದು ಬೇಸಿಗೆ ಕಂಡ ಮೇಲೆ ಅದು ಬಿರಿಯುತ್ತದೆ, ಬಿರುಕಿನಿಂದ ನೀರು ಒಳಹೋಗುತ್ತದೆ, ಹೊರಬರುವುದಿಲ್ಲ. ಹೊಸದಾಗಿ ಕಪ್ಪು ಹೊಡೆದ ಹಳೆ ಕಾರು ಮಾರಾಟಕ್ಕೆ ಬಂದಾಗ ಸುತ್ತಿಗೆ ಎರಡು ಪಟ್ಟು ಹೆಚ್ಚು ಆಡಿಸಬೇಕು. ಹಳೆ ಇಂಜಿನ್ ಆಯಿಲ್ ಬಳಿಯುವ ಪದ್ಧತಿಯೂ ಬೇಡ: ಅದರಲ್ಲಿ ಆಮ್ಲದ ಅಂಶ ಸೇರಿರುತ್ತದೆ, ಸಸ್ಪೆನ್ಷನ್ ಬುಷ್ಷುಗಳ ರಬ್ಬರನ್ನು ಊದಿಸುತ್ತದೆ, ಧೂಳು ಕಚ್ಚಿಕೊಂಡು ಹೊಸ ಮಣ್ಣಿನ ಪದರ ಕಟ್ಟುತ್ತದೆ, ನೆಲಕ್ಕೆ ತೊಟ್ಟಿಕ್ಕಿ ಬಾವಿ ಬೋರಿನ ನೀರು ಕೆಡಿಸುತ್ತದೆ.

ದುಡ್ಡು ಹಾಕಬೇಕಾದ್ದು ಒಳಗಿನ ಪೊಳ್ಳುಗಳಿಗೆ. ಮೊದಲು ರಬ್ಬರ್ ಬಿರಡೆಗಳನ್ನೆಲ್ಲ ತೆಗೆದು, ತೋಟದ ಪೈಪಿನಲ್ಲಿ ರನ್ನಿಂಗ್ ಬೋರ್ಡು, ಬಾಕ್ಸ್ ತೊಲೆಗಳ ಒಳಗೆ ನೀರು ಬಿಟ್ಟು, ತಳದ ತೂತುಗಳಿಂದ ತಿಳಿನೀರು ಬರುವವರೆಗೆ ಮಣ್ಣು ತೊಳೆಯಿರಿ. ಎರಡು ದಿನ ಬಾಗಿಲು ತೆರೆದು ಬಿಸಿಲಿಗೆ ಬಿಡಿ, ಗಾಳಿ ಹೊಡೆಯಿರಿ. ನಂತರ ಕ್ಯಾವಿಟಿ ವ್ಯಾಕ್ಸ್, ಅಂದರೆ ಪೊಳ್ಳಿನೊಳಗೆ ಸಿಂಪಡಿಸುವ ಮೇಣ: ಸುತ್ತಲೂ ಚಿಮ್ಮುವ ನಾಝಲಿನ ಉದ್ದ ಪೈಪನ್ನು ಪೂರ್ತಿ ಒಳಗೆ ತೂರಿಸಿ, ಸಿಂಪಡಿಸುತ್ತಾ ನಿಧಾನವಾಗಿ ಹೊರಗೆಳೆಯಬೇಕು. ತಳದಿಂದ ತೊಟ್ಟಿಕ್ಕಲು ಶುರುವಾದರೆ ಸಾಕು. ಸಣ್ಣ ಕಾರಿಗೆ 2ರಿಂದ 3 ಲೀಟರ್. ಮಾರ್ಚ್, ಏಪ್ರಿಲ್ ಇದಕ್ಕೆ ಹೇಳಿಮಾಡಿಸಿದ ಕಾಲ. ಒಳಗೆಲ್ಲ ಒಣಗಿರುತ್ತದೆ, ಬಿಸಿ ತಗಡಿನ ಮೇಲೆ ವ್ಯಾಕ್ಸ್ ಸಂದಿಗಳಿಗೆ ಹರಿದು ಹೋಗುತ್ತದೆ. ಮರುದಿನ ಕಡ್ಡಿ ಹಿಡಿದು ನೀರಿನ ತೂತುಗಳನ್ನು ಮತ್ತೆ ಬಿಡಿಸಿ. ಬೆಸುಗೆ ಕೆಲಸ ಬಾಕಿ ಇದ್ದರೆ ವ್ಯಾಕ್ಸ್ ಮೊದಲು ಹಾಕಬೇಡಿ, ಅದು ಹೊತ್ತಿ ಉರಿಯುತ್ತದೆ.

ತೊಳೆಯುವುದನ್ನು ಬೆಳಿಗ್ಗೆ ಇಟ್ಟುಕೊಳ್ಳಿ. ಸಂಜೆ ತೊಳೆದು ಪ್ಲಾಸ್ಟಿಕ್ ಕವರ್ ಹೊದಿಸಿದರೆ ರಾತ್ರಿಯೆಲ್ಲ ಗಾಡಿ ಬೆವರುತ್ತದೆ. ಗೊಬ್ಬರ, ಟೊಮೆಟೊ ಹೊತ್ತ ದಿನವೇ ಬಾಡಿಯನ್ನೂ ಚಾಸಿಯ ಮೇಲ್ಮೈಯನ್ನೂ ತೊಳೆದು ಐದು ಹತ್ತು ಕಿಲೋಮೀಟರ್ ಓಡಿಸಿ.

ಚಾಸಿ ನಂಬರಿನ ವಿಷಯ ಬಾಕಿ ಇದೆ. ಸ್ವಂತ ಬಳಕೆಯ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ 5 ವರ್ಷಕ್ಕೊಮ್ಮೆ. ಬಾಡಿಗೆ, ಸರಕು ಗಾಡಿಗಳ ಫಿಟ್‌ನೆಸ್ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಪ್ರತಿ ಸಲವೂ ಆ ನಂಬರು ಓದಲು ಬರಬೇಕು. ಜೀಪು, ಬೊಲೆರೊಗಳಲ್ಲಿ ಸಾಮಾನ್ಯವಾಗಿ ಬಲಗಡೆಯ ತೊಲೆಯ ಮೇಲೆ, ಮಾರುತಿಯಂಥ ಸಣ್ಣ ಕಾರುಗಳಲ್ಲಿ ಇಂಜಿನ್ನಿನ ಹಿಂದಿನ ಗೋಡೆಯ ಮೇಲೆ ಕೊರೆದಿರುತ್ತಾರೆ. ಆ ಜಾಗಕ್ಕೆ ಗ್ರೈಂಡರ್, ಉಪ್ಪುಕಾಗದ, ಬೆಸುಗೆ ಯಾವುದನ್ನೂ ತಾಗಿಸಬೇಡಿ. ಅಳಿಸಿದಂತೆ ಕಂಡರೆ ಕಳ್ಳಗಾಡಿಯ ಅನುಮಾನ ಬರುತ್ತದೆ. ಟಿಂಕರಿಂಗಿಗೆ ಬಿಡುವ ಮುಂಚೆ ಅದರ ಸುತ್ತ ಅಗಲವಾಗಿ ಟೇಪ್ ಹಚ್ಚಿ, ಫೋಟೊ ತೆಗೆದಿಡಿ. ತುಕ್ಕು ಮುಸುಕಿದ್ದರೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಿ, ಅಂಕಿಗಳು ಬಿಡಿಸಿಕೊಂಡ ಮೇಲೆ ತೆಳುವಾಗಿ ಗ್ರೀಸ್ ಸವರಿ. ಪ್ರೈಮರು, ಕಪ್ಪು ಕೋಟಿಂಗು ಯಾವುದೂ ಅಲ್ಲಿ ಬೇಡ.